ಹಳೆಯ ಓಎಂ 617 ಡೀಸೆಲ್: ಕ್ಯಾಮ್ ಟೈಮಿಂಗ್ ನೋಡುವ ಬಗೆ

ಮರ್ಸಿಡಿಸ್ 300ಡಿ ಕಾರಿನ ಐದು ಸಿಲಿಂಡರ್ ಡೀಸೆಲ್‌ನಲ್ಲಿ ಕ್ರ್ಯಾಂಕ್‌ನಿಂದ (ಎಂಜಿನ್ನಿನ ಮುಖ್ಯ ಶಾಫ್ಟ್) ಕ್ಯಾಮ್ (ವಾಲ್ವ್ ತೆರೆಯುವ ಶಾಫ್ಟ್) ತಿರುಗಿಸುವ ಟೈಮಿಂಗ್ ಚೈನ್ ಸವೆದು ಉದ್ದವಾದಷ್ಟೂ ಕ್ಯಾಮ್ ಹಿಂದೆ ಬೀಳುತ್ತದೆ. ಇನ್‌ಟೇಕ್ ವಾಲ್ವ್ ತಡವಾಗಿ ಮುಚ್ಚುವುದರಿಂದ ಕಂಪ್ರೆಶನ್ ಇಳಿದು, ಚಳಿಯಲ್ಲಿ ಸ್ಟಾರ್ಟ್ ಆಗಲು ತಿಣುಕುತ್ತದೆ.

ಕ್ಯಾಮ್ ವಾಷರಿನ ಕಚ್ಚನ್ನು ಬೇರಿಂಗ್ ಟವರಿನ ಗುರುತಿಗೆ ಕೂಡಿಸಿ, ಕ್ರ್ಯಾಂಕ್ ಪುಲ್ಲಿಯ ಡಿಗ್ರಿ ಓದುವುದು ಸುಲಭದ ದಾರಿ. ಆದರೆ ಕಣ್ಣು ಸ್ವಲ್ಪ ಓರೆಯಾದರೂ ಓದು ತಪ್ಪುತ್ತದೆ. ಹೊಸ ಪಾರ್ಟ್ ತರಿಸುವ ಮೊದಲು ನಾನು ನಂಬುವುದು 2 ಮಿ.ಮೀ. ಲಿಫ್ಟ್ ಅಳತೆಯನ್ನೇ, ಅಂದರೆ ಇನ್‌ಟೇಕ್ ವಾಲ್ವ್ 2 ಮಿ.ಮೀ. ತೆರೆದಾಗ ಕ್ರ್ಯಾಂಕ್ ಎಷ್ಟು ಡಿಗ್ರಿಯಲ್ಲಿದೆ ಎಂದು ನೋಡುವುದು.

ಎಂಜಿನ್ ತಣ್ಣಗಿರಬೇಕು. ಗ್ಲೋ ಪ್ಲಗ್‌ಗಳನ್ನು ಬಿಚ್ಚಿಟ್ಟರೆ ಕೈಯಲ್ಲಿ ಹಗುರವಾಗಿ ತಿರುಗುತ್ತದೆ. ಮೊದಲ ಸಿಲಿಂಡರಿನ ಎರಡೂ ವಾಲ್ವ್ ಮುಚ್ಚಿರುವಾಗ, ಇನ್‌ಟೇಕ್ ವಾಲ್ವಿನ 0.10 ಮಿ.ಮೀ. ಸಂದನ್ನು ಹೊಂದಿಸುವ ನಟ್ ತಿರುಗಿಸಿ ಸೊನ್ನೆ ಮಾಡುತ್ತೇನೆ. ಡಯಲ್ ಗೇಜಿನ ಮೊನೆ ಸ್ಪ್ರಿಂಗ್ ರಿಟೇನರ್ ಮೇಲೆ, ವಾಲ್ವ್ ಕಾಂಡಕ್ಕೆ ಸಮಾನಾಂತರವಾಗಿ ಕೂರಬೇಕು. ವಾಲ್ವ್ ಕೆಳಗಿಳಿಯುವಾಗ ಮೊನೆಯೂ ಜೊತೆಗೇ ಇಳಿಯಬೇಕಲ್ಲ, ಅದಕ್ಕೆ ಗೇಜನ್ನು ಮೊದಲೇ 3 ಮಿ.ಮೀ. ಒತ್ತಿಟ್ಟು ಸೊನ್ನೆಗೆ ತರುತ್ತೇನೆ. ಸಂದು ತೆಗೆಯುವಾಗಲೇ ಮುಳ್ಳು ಅಲುಗಿತೆಂದರೆ ನಟ್ ಜಾಸ್ತಿ ತಿರುಗಿ ವಾಲ್ವ್ ಆಗಲೇ ತೆರೆದುಕೊಂಡಿದೆ. ಸಡಿಲಿಸಿ ಮತ್ತೆ ಹೊಂದಿಸಬೇಕು.

ಇನ್ನು ಕ್ರ್ಯಾಂಕ್ ಬೋಲ್ಟಿಗೆ 27ರ ಸಾಕೆಟ್ ಹಾಕಿ, ಎಂಜಿನ್ ಓಡುವ ದಿಕ್ಕಿನಲ್ಲೇ ನಿಧಾನಕ್ಕೆ ತಿರುಗಿಸಿ. ಗೇಜ್ 2 ಮಿ.ಮೀ. ತೋರಿಸಿದ ಕೂಡಲೇ ನಿಲ್ಲಿಸಿ ಪುಲ್ಲಿ ಓದಿ. ಒಂದು ಕೂದಲೆಳೆ ದಾಟಿದರೂ ಹಿಂದಕ್ಕೆ ಎಳೆಯಬೇಡಿ, ಇನ್ನೆರಡು ಸುತ್ತು ಮುಂದಕ್ಕೇ ತಿರುಗಿಸಿ ಬನ್ನಿ. ಹಿಂದೆ ತಿರುಗಿಸಿದರೆ ಚೈನಿನ ಸಡಿಲು ಎಳೆತದ ಬದಿಗೆ ಬಂದು ಸುಳ್ಳು ಅಂಕಿ ಸಿಗುತ್ತದೆ. ಕ್ಯಾಮ್ ಬೋಲ್ಟ್ ಹಿಡಿದು ತಿರುಗಿಸುವುದಂತೂ ಬೇಡವೇ ಬೇಡ.

ಸಾಮಾನ್ಯವಾಗಿ ಹೊಸ ಚೈನಿಗೆ ಟಿಡಿಸಿ (ಪಿಸ್ಟನ್ ತೀರಾ ಮೇಲಿರುವ ಸ್ಥಾನ) ನಂತರ 11.5 ಡಿಗ್ರಿ, ಓಡಿದ ಚೈನಿಗೆ 13.5 ಬರಬೇಕು. ಕ್ಯಾಮ್ ಮೇಲೆ ಒತ್ತಿರುವ ಕೋಡ್ ನೋಡಿ ಮ್ಯಾನುಯಲ್‌ನಲ್ಲಿ ಖಾತ್ರಿ ಮಾಡಿಕೊಳ್ಳಿ. ನಾಲ್ಕು ಡಿಗ್ರಿಯಷ್ಟು ಹಿಂದಿದ್ದರೆ ಆಫ್‌ಸೆಟ್ ವುಡ್‌ರಫ್ ಕೀ (ಸ್ಪ್ರಾಕೆಟ್ಟನ್ನು ಕ್ಯಾಮಿಗೆ ಸ್ವಲ್ಪ ಓರೆಯಾಗಿ ಕೂರಿಸುವ ಲೋಹದ ಚಿಕ್ಕ ತುಂಡು) ಸಾಕು. ಅದಕ್ಕೂ ಹೆಚ್ಚಿನ ಕೀಗಳು ಸಿಗುತ್ತವೆ, ಆದರೆ ಅಷ್ಟು ಸವೆದ ಚೈನನ್ನು ಬದಲಿಸುವುದೇ ಸರಿ. ಕೀ ಹಾಕಲು ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ) ಕಳಚುವ ಮೊದಲು ಚೈನನ್ನು ಅದಕ್ಕೆ ತಂತಿಯಿಂದ ಬಿಗಿದು ಕಟ್ಟಿ, ಒಂದು ಹಲ್ಲೂ ಜಾರಬಾರದು.

ಮುಗಿದ ಮೇಲೆ ಸಂದನ್ನು ಮತ್ತೆ 0.10ಕ್ಕೆ ತನ್ನಿ. ಇಂಜೆಕ್ಷನ್ ಪಂಪನ್ನು ತಿರುಗಿಸುವುದೂ ಇದೇ ಚೈನ್, ಹಾಗಾಗಿ ಅದೂ ಹಿಂದೆ ಬಿದ್ದಿರುತ್ತದೆ. ಕ್ಯಾಮ್ ಕೀ ಅದನ್ನು ಸರಿಪಡಿಸುವುದಿಲ್ಲ. ಟಿಡಿಸಿಗೆ 24 ಡಿಗ್ರಿ ಮೊದಲು ಪಂಪಿನಿಂದ ಬೀಳುವ ಡೀಸೆಲ್ ಹನಿ ನಿಲ್ಲುವಂತೆ ಪಂಪನ್ನು ಬೇರೆಯಾಗಿ ಹೊಂದಿಸಬೇಕು.