ವರದಿ ಸರಿ, ಜ್ವರ ಮಾತ್ರ ಬಿಡದು

ಬ್ಯಾಕ್ಟೀರಿಯಾ ಔಷಧಕ್ಕೆ ಬಗ್ಗುತ್ತದೆ ಎಂದು ಪ್ರಯೋಗಾಲಯದಿಂದ ವರದಿ ಹೋಗಿರುತ್ತದೆ. ಔಷಧ ಕೊಟ್ಟಾಗ ಜ್ವರ ಇಳಿಯುತ್ತದೆ, ನಿಲ್ಲಿಸಿದ ಮೇಲೆ ಮರಳುತ್ತದೆ. ರಕ್ತನಾಳಕ್ಕೆ ಕ್ಯಾತಿಟರ್ (ತೆಳು ಕೊಳವೆ) ಹಾಕಿರುವ ರೋಗಿಗಳಲ್ಲಿ ಇದನ್ನು ಮತ್ತೆ ಮತ್ತೆ ಕಂಡ ಮೇಲೆ, ದ್ರವದಲ್ಲಿ ತೇಲುವ ಬ್ಯಾಕ್ಟೀರಿಯಾಗಳನ್ನಷ್ಟೇ ಪರೀಕ್ಷಿಸಿದರೆ ಸಾಲದು ಅನ್ನಿಸಿತು. ಅವು ಅಂಟಿಕೊಂಡು ಪದರ ಕಟ್ಟುವ ಬಗೆಯನ್ನೂ ನೋಡತೊಡಗಿದೆ.

ಬಳಸುವುದು 96 ಕುಳಿಗಳ ಪ್ಲಾಸ್ಟಿಕ್ ತಟ್ಟೆ. ಗ್ಲೂಕೋಸ್ ಬೆರೆಸಿದ ಪೋಷಕ ದ್ರವದಲ್ಲಿ ಸ್ಟೆಫಿಲೊಕಾಕಸ್ ಎಪಿಡರ್ಮಿಡಿಸ್ ಅನ್ನು 37 ಡಿಗ್ರಿ ಸೆಲ್ಸಿಯಸ್‌ನಲ್ಲಿ 24 ಗಂಟೆ ಬೆಳೆಸುತ್ತೇನೆ. ಇದು ನಮ್ಮೆಲ್ಲರ ಚರ್ಮದ ಮೇಲೆ ತಂಟೆಯಿಲ್ಲದೆ ಇರುವ ಜೀವಿ. ಕ್ಯಾತಿಟರ್ ಸಿಕ್ಕಿತೋ, ವರಸೆ ಬದಲಾಯಿಸುತ್ತದೆ. ಅಂಚಿನ ಕುಳಿಗಳು ಬೇಗ ಒಣಗುವುದರಿಂದ ಅವುಗಳಲ್ಲಿ ಬರೀ ಶುದ್ಧ ನೀರು.

ಕೈಚಳಕ ಬೇಕಾಗುವುದು ತೊಳೆಯುವಾಗ. ಪೈಪೆಟ್ಟಿನ ತುದಿಯನ್ನು ಕುಳಿಯ ಗೋಡೆಗೆ ತಾಗಿಸಿ ಲವಣ ದ್ರಾವಣವನ್ನು ಮೆಲ್ಲಗೆ ಇಳಿಬಿಡಬೇಕು. ರಭಸವಾಗಿ ಸುರಿದರೆ ಪದರ ಸಿಪ್ಪೆಯಂತೆ ಎದ್ದು ಬರುತ್ತದೆ. ಆಮೇಲೆ ಶೇ 0.1ರ ಕ್ರಿಸ್ಟಲ್ ವಯೊಲೆಟ್ ಹಾಕಿ, ಹೆಚ್ಚಾದ ಬಣ್ಣವನ್ನು ತೊಳೆದರೆ ಪದರ ಕಟ್ಟಿದ ಕುಳಿಯ ತಳದಲ್ಲಿ ನೇರಳೆ ಉಳಿಯುತ್ತದೆ. (ಬೆರಳಿಗೆ ಹತ್ತಿದ ನೇರಳೆಯೂ ಅಷ್ಟು ಸುಲಭವಾಗಿ ಬಿಡದು.) ಆ ಬಣ್ಣವನ್ನು ಅಸಿಟಿಕ್ ಆಮ್ಲದಲ್ಲಿ ಕರಗಿಸಿ ಯಂತ್ರದಲ್ಲಿ ಅಳೆಯುತ್ತೇನೆ.

ಆದರೆ ಈ ಬಣ್ಣಕ್ಕೆ ಸತ್ತದ್ದು, ಬದುಕಿದ್ದು, ಸುತ್ತಲಿನ ಲೋಳೆ ಎಲ್ಲವೂ ಒಂದೇ. ಔಷಧ ಹಾಕಿದ ಮೇಲೂ ಕುಳಿ ಕಡುನೇರಳೆಯಾಗಿರಬಹುದು. ಹಾಗಾಗಿ ಬೇರೊಂದು ತಟ್ಟೆಯ ಪದರವನ್ನು ಶ್ರವಣಾತೀತ ಕಂಪನದಿಂದ ಬಿಡಿಸಿ, ಅಗಾರ್ ಎಂಬ ಗಟ್ಟಿ ಪೋಷಕ ಮಾಧ್ಯಮದ ಮೇಲೆ ಹರಡಿ, ಮರುದಿನ ವಸಾಹತುಗಳನ್ನು, ಅಂದರೆ ಬದುಕಿದವು ಬೆಳೆದು ಕಟ್ಟಿದ ಗುಂಪುಗಳನ್ನು, ಎಣಿಸುತ್ತೇನೆ. ತೇಲುವ ಬ್ಯಾಕ್ಟೀರಿಯಾಗಳನ್ನು ಕೊಂದ ಪ್ರಮಾಣದ ಔಷಧಕ್ಕೆ ಪದರದೊಳಗಿನವು ಜಗ್ಗದಿರುವುದು ಅಲ್ಲಿ ಕಾಣುತ್ತದೆ. ಲೋಳೆಯ ತಡೆ ಒಂದು ಕಾರಣ ಮಾತ್ರ. ಆಳದಲ್ಲಿ ಆಮ್ಲಜನಕವೂ ಆಹಾರವೂ ಕಡಿಮೆ. ಅಲ್ಲಿನ ಜೀವಕೋಶಗಳ ಬೆಳವಣಿಗೆ ಬಹುಪಾಲು ನಿಂತಿರುತ್ತದೆ. ಪೆನಿಸಿಲಿನ್ ಬಳಗದ ಔಷಧಗಳು ಹೊಡೆಯುವುದು ಕೋಶಭಿತ್ತಿ ಕಟ್ಟುವ ಕೆಲಸವನ್ನು. ಕೆಲಸವೇ ನಿಂತಲ್ಲಿ ಹೊಡೆಯುವುದು ಏನನ್ನು? ಔಷಧ ಹೋದ ಮೇಲೆ ಇವೇ ಮತ್ತೆ ಬೆಳೆದು, ಕಳಚಿಕೊಂಡು ರಕ್ತಕ್ಕೆ ಸೇರುತ್ತವೆ.

ಇದನ್ನು ನೋಡಿ ಔಷಧದ ಪ್ರಮಾಣವನ್ನು ನಾನು ಸೂಚಿಸುವುದಿಲ್ಲ. ಪ್ಲಾಸ್ಟಿಕ್ ತಟ್ಟೆ ರೋಗಿಯ ದೇಹವಲ್ಲ. ಒಂದೇ ಬ್ಯಾಕ್ಟೀರಿಯಾ ಎರಡನೆಯ ಸಲ ರಕ್ತದಲ್ಲಿ ಸಿಕ್ಕರೆ ವಾರ್ಡಿಗೆ ಫೋನ್ ಮಾಡಿ, ಹಳೆಯ ಕ್ಯಾತಿಟರ್ ಇನ್ನೂ ಒಳಗಿದೆಯೇ ಎಂದು ಕೇಳುತ್ತೇನೆ. ತೆಗೆಯುವುದೋ, ಅದರೊಳಗೇ ಔಷಧ ತುಂಬಿಟ್ಟು ನೋಡುವುದೋ ಎಂಬುದು ವೈದ್ಯರ ತೀರ್ಮಾನ.