ಪುಣೆಯ ತಾರಸಿಗೆ ಎಷ್ಟು ಕಿಲೋವ್ಯಾಟ್? ದರದ ಸ್ಲ್ಯಾಬ್ ಹಿಡಿದು ಹಾಕಿದ ಲೆಕ್ಕ

ಸೋಲಾರ್ ಮಾರುವವರ ಲೆಕ್ಕ ಸಾಮಾನ್ಯವಾಗಿ ಒಂದೇ ಸಾಲಿನದು. ಒಟ್ಟು ಖರ್ಚನ್ನು ವರ್ಷದ ಬಿಲ್ಲಿನಿಂದ ಭಾಗಿಸಿ, ಇಷ್ಟು ವರ್ಷಕ್ಕೆ ದುಡ್ಡು ವಾಪಸ್ ಎನ್ನುತ್ತಾರೆ. ಮಹಾರಾಷ್ಟ್ರದ ಸರ್ಕಾರಿ ಕರೆಂಟ್ ಕಂಪನಿ ಮಹಾವಿತರಣದ ಮನೆ ಬಳಕೆ ದರ ಸ್ಲ್ಯಾಬ್ ಮೇಲೆ, ಅಂದರೆ ತಿಂಗಳ ಬಳಕೆ ಏರಿದಂತೆ ಏರುವ ದರದ ಮೆಟ್ಟಿಲುಗಳ ಮೇಲೆ, ನಿಂತಿರುವುದರಿಂದ ಈ ಭಾಗಾಕಾರ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. 0–100, 101–300, 301–500, 500ರ ಮೇಲೆ ಎಂದು ನಾಲ್ಕು ಮೆಟ್ಟಿಲು. ಪ್ಯಾನೆಲ್ ಕೊಡುವ ಯೂನಿಟ್ ಮೊದಲು ಎಲ್ಲಕ್ಕಿಂತ ದುಬಾರಿ ಮೆಟ್ಟಿಲನ್ನು ಕಡಿಮೆ ಮಾಡುತ್ತದೆ, ಆಮೇಲೆ ಕೆಳಗಿಳಿಯುತ್ತದೆ. ಹಾಗಾಗಿ ನಾನು ಒಂದೊಂದು ಕಿಲೋವ್ಯಾಟ್‌ಗೂ ಬೇರೆಯಾಗಿಯೇ ಲೆಕ್ಕ ಹಾಕುತ್ತೇನೆ.

ಮೊದಲು ಯೂನಿಟ್ಟಿನ ನಿಜವಾದ ಬೆಲೆ ತಿಳಿಯಬೇಕು. ಮರಾಠಿ ಬಿಲ್ಲಿನಲ್ಲಿ 'ವೀಜ್ ಆಕಾರ' (ಕರೆಂಟಿನ ಬೆಲೆ), 'ವಹನ್ ಆಕಾರ' (ಸಾಗಣೆ ವೆಚ್ಚ), 'ಇಂಧನ್ ಸಮಾಯೋಜನ್ ಆಕಾರ' (ಇಂಧನ ಹೊಂದಾಣಿಕೆ ಶುಲ್ಕ) ಈ ಮೂರನ್ನೂ ಕೂಡಿಸಿ, ಅದರ ಮೇಲೆ ಶೇ. 16ರ 'ವೀಜ್ ಶುಲ್ಕ' (ವಿದ್ಯುತ್ ತೆರಿಗೆ) ಸೇರಿಸಿ. 'ಸ್ಥಿರ್ ಆಕಾರ'ವನ್ನು, ಅಂದರೆ ಸ್ಥಿರ ಶುಲ್ಕವನ್ನು, ಪಕ್ಕಕ್ಕಿಡಿ. ಸೋಲಾರ್ ಬಂದರೂ ಅದನ್ನು ಕಟ್ಟಲೇಬೇಕು, 'ಬಿಲ್ ಸೊನ್ನೆ' ಎಂಬ ಜಾಹೀರಾತು ಏನೇ ಹೇಳಲಿ. ದರ ಆಗಾಗ ಬದಲಾಗುತ್ತದೆ, ನಿಮ್ಮ ಇತ್ತೀಚಿನ ಬಿಲ್ಲನ್ನೇ ನಂಬಿ. ಇಲ್ಲಿ ಉದಾಹರಣೆಗೆ ಮೊದಲ ಮೂರು ಸ್ಲ್ಯಾಬ್‌ಗೆ ಎಲ್ಲ ಸೇರಿ 7, 13, 18 ರೂಪಾಯಿ ಹಿಡಿಯುತ್ತೇನೆ.

ಉತ್ಪಾದನೆಗೆ ದಿನಕ್ಕೆ ಕಿಲೋವ್ಯಾಟ್‌ಗೆ 5 ಯೂನಿಟ್ ಎಂದು ಕೊಟೇಶನ್‌ನಲ್ಲಿ ಬರೆದಿದ್ದರೆ ಅದನ್ನು ಹೊಡೆದುಹಾಕಿ. ಧೂಳು, ಮಳೆಗಾಲ, ಬಿಸಿ ಎಲ್ಲ ಕಳೆದು ವರ್ಷದ ಸರಾಸರಿ 4ಕ್ಕಿಂತ ತುಸು ಕಡಿಮೆ ಹಿಡಿಯುವುದು ಕ್ಷೇಮ. ಪ್ಯಾನೆಲ್‌ನ ವ್ಯಾಟ್ ಅಳೆಯುವುದು 25 ಡಿಗ್ರಿಯಲ್ಲಿ. ಮೇ ಮಧ್ಯಾಹ್ನ ಪ್ಯಾನೆಲ್ 60 ಡಿಗ್ರಿ ಮುಟ್ಟಿದರೆ, ಡಿಗ್ರಿಗೆ ಶೇ. 0.35ರಂತೆ ಶೇ. 12ರಷ್ಟು ಶಕ್ತಿ ಅಲ್ಲೇ ಹೋಯಿತು. ನಾನು ಒಂದು ಕಿಲೋವ್ಯಾಟ್‌ಗೆ ತಿಂಗಳಿಗೆ 115 ಯೂನಿಟ್ ಹಿಡಿಯುತ್ತೇನೆ.

ತಿಂಗಳಿಗೆ 350 ಯೂನಿಟ್ ಸುಡುವ ಮನೆ ತೆಗೆದುಕೊಳ್ಳಿ. ಸ್ಥಿರ ಶುಲ್ಕ ಬಿಟ್ಟು ಬಿಲ್ 700 + 2,600 + 900 = 4,200 ರೂಪಾಯಿ. ಮೊದಲ ಕಿಲೋವ್ಯಾಟ್ ಬಂದಾಗ ಉಳಿಯುವುದು 235 ಯೂನಿಟ್, ಬಿಲ್ 2,455. ಉಳಿತಾಯ 1,745. ಎರಡನೆಯದು 120 ಯೂನಿಟ್‌ಗೆ ಇಳಿಸುತ್ತದೆ, ಇನ್ನೂ 1,495 ಉಳಿತಾಯ. ಮೂರನೆಯದು 5 ಯೂನಿಟ್‌ಗೆ ತರುತ್ತದೆ, ಆದರೆ ಅದು ಬಹುಪಾಲು 7 ರೂಪಾಯಿಯ ಯೂನಿಟ್ಟನ್ನೇ ಉಳಿಸುವುದರಿಂದ ಸಿಗುವುದು 925 ಮಾತ್ರ.

ಖರ್ಚಿನ ಕಡೆ ನೋಡೋಣ. ಕೇಂದ್ರ ಸರ್ಕಾರದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಸಬ್ಸಿಡಿ ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000. ಒಟ್ಟು 78,000ಕ್ಕೆ ಸಬ್ಸಿಡಿ ನಿಲ್ಲುತ್ತದೆ. ಕೊಟೇಶನ್ 1, 2, 3 ಕಿಲೋವ್ಯಾಟ್‌ಗೆ 80,000, 1,45,000, 2,00,000 ಎಂದಿಟ್ಟುಕೊಂಡರೆ, ಕೈಯಿಂದ ಹೋಗುವುದು 50,000, 85,000, 1,22,000. ಅಂದರೆ ಮೊದಲ ಕಿಲೋವ್ಯಾಟ್ ಸುಮಾರು 2.4 ವರ್ಷದಲ್ಲಿ, ಎರಡನೆಯದು 2 ವರ್ಷದಲ್ಲಿ, ಮೂರನೆಯದು 3.3 ವರ್ಷದಲ್ಲಿ ತನ್ನ ದುಡ್ಡು ತಾನೇ ತರುತ್ತದೆ. ನಾಲ್ಕನೆಯದಕ್ಕೆ ಸಬ್ಸಿಡಿ ಇಲ್ಲ. 55,000 ಹಾಕಿದರೆ 5 ಯೂನಿಟ್ ಬಿಲ್ಲಿನಿಂದ ಇಳಿಯುತ್ತದೆ, ಮಿಕ್ಕ 110 ಯೂನಿಟ್ ಗ್ರಿಡ್‌ಗೆ ಹೋಗುತ್ತದೆ. ವರ್ಷಾಂತ್ಯಕ್ಕೆ ಅದಕ್ಕೆ ಯೂನಿಟ್‌ಗೆ 3 ರೂಪಾಯಿ ಸಿಕ್ಕರೂ ತಿಂಗಳಿಗೆ 365 ರೂಪಾಯಿ, ಅಸಲು ಹುಟ್ಟಲು ಹನ್ನೆರಡೂವರೆ ವರ್ಷ. ಎಫ್‌ಡಿ ಬಡ್ಡಿಯಷ್ಟು ಬಂತು ಎನ್ನಬಹುದು, ಆದರೆ ಎಫ್‌ಡಿಯಲ್ಲಿ ಅಸಲು ಕೈಗೆ ಮರಳುತ್ತದೆ.

ಇಷ್ಟು ಸರಾಸರಿಯ ಲೆಕ್ಕ. ಸ್ಲ್ಯಾಬ್ ತಿಂಗಳಿಗೊಮ್ಮೆ ಹೊಸದಾಗಿ ಶುರುವಾಗುವುದರಿಂದ ಎಕ್ಸೆಲ್‌ನಲ್ಲಿ ಹನ್ನೆರಡು ಸಾಲು ಬರೆಯಲೇಬೇಕು. ಮೂರು ಕಿಲೋವ್ಯಾಟ್ ಇರುವಾಗ ಮೇ ತಿಂಗಳಲ್ಲಿ ಬಳಕೆ 480, ಉತ್ಪಾದನೆ 390 ಆದರೆ ಉಳಿತಾಯ 5,910 ರೂಪಾಯಿ. ಜುಲೈಯಲ್ಲಿ ಬಳಕೆ 280, ಉತ್ಪಾದನೆ 240 ಆದರೆ 2,760. ಉತ್ಪಾದನೆ ಒಂದೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚು, ಉಳಿತಾಯ ಎರಡು ಪಟ್ಟಿಗೂ ಮಿಕ್ಕಿ. ತಿಂಗಳುವಾರು ಉತ್ಪಾದನೆ ಅಂದಾಜು ಮಾಡಲು ಪಿವಿವಾಟ್ಸ್ ಎಂಬ ಆನ್‌ಲೈನ್ ಲೆಕ್ಕದ ಸಾಧನ ಪುಕ್ಕಟೆ ಸಿಗುತ್ತದೆ. ಅದರಲ್ಲಿ ಪುಣೆಗೆ ಪ್ಯಾನೆಲ್‌ನ ಓರೆ 18 ಡಿಗ್ರಿ, ಮುಖ ದಕ್ಷಿಣಕ್ಕೆ ಕೊಡಿ.

ಇದೇ ಸಾಲುಗಳಲ್ಲಿ ಇನ್ನೊಂದು ಸಂಗತಿ ಕಾಣುತ್ತದೆ. ನೆಟ್ ಮೀಟರಿಂಗ್‌ನಲ್ಲಿ (ಗ್ರಿಡ್‌ನಿಂದ ಪಡೆದ ಯೂನಿಟ್‌ನಿಂದ ಗ್ರಿಡ್‌ಗೆ ಕೊಟ್ಟದ್ದನ್ನು ಕಳೆದು ಬಿಲ್ ಮಾಡುವ ಪದ್ಧತಿ) ಮಿಕ್ಕ ಯೂನಿಟ್ ಮುಂದಿನ ತಿಂಗಳಿಗೆ ಜಮಾ ಆಗುತ್ತದೆ, ಆದರೆ ಮಾರ್ಚ್ 31ಕ್ಕೆ ಖಾತೆ ಚುಕ್ತಾ. ಚಳಿಗಾಲದಲ್ಲಿ ಬಿಸಿಲು ಚೆನ್ನಾಗಿ, ಬಳಕೆ ಕಡಿಮೆಯಾಗಿ ಕೂಡಿಟ್ಟದ್ದೆಲ್ಲ ಎಸಿ ಶುರುವಾಗುವ ಹೊತ್ತಿಗೆ ಅಗ್ಗದ ದರದಲ್ಲಿ ಹೋಗಿಬಿಡುತ್ತದೆ. ಮಾರ್ಚ್ ಕೊನೆಗೆ ಜಮಾ ದೊಡ್ಡದಾಗಿ ತೋರಿದರೆ ಅರ್ಧ ಕಿಲೋವ್ಯಾಟ್ ಇಳಿಸಿ ಮತ್ತೆ ಲೆಕ್ಕ ಹಾಕಿ.

ದೀರ್ಘಾವಧಿಯ ಲೆಕ್ಕಕ್ಕೆ ಮೂರು ಕಿಲೋವ್ಯಾಟ್‌ನ ವರ್ಷದ ಉಳಿತಾಯ 49,980ರಿಂದ (ತಿಂಗಳ 4,165ರ ಹನ್ನೆರಡು ಪಟ್ಟು) ತೊಳೆಯುವುದಕ್ಕೆ, ಸಣ್ಣ ರಿಪೇರಿಗೆ 3,000 ಕಳೆಯಿರಿ. ಪ್ಯಾನೆಲ್ ವರ್ಷಕ್ಕೆ ಶೇ. 0.6 ಸೊರಗುತ್ತದೆ, ನಿಮ್ಮ ಹಣದ ಬೆಲೆ (ಅದು ಬೇರೆಡೆ ತರಬಹುದಾದ ಬಡ್ಡಿ) ಶೇ. 8 ಎಂದು ಹಿಡಿದರೆ, ವರ್ಷದ ಉಳಿತಾಯವನ್ನು ಗುಣಿಸಬೇಕಾದ 20 ವರ್ಷದ ಗುಣಕ ಸುಮಾರು 9.4, ಅಂದರೆ ಇಂದಿನ ಬೆಲೆಯಲ್ಲಿ 4.4 ಲಕ್ಷ. ಹತ್ತನೇ ವರ್ಷ ಇನ್ವರ್ಟರ್ ಬದಲಿಸಲು 35,000 ಇಟ್ಟರೆ ಇಂದಿನ ಲೆಕ್ಕದಲ್ಲಿ 16,000. ಹಾಕಿದ 1.22 ಲಕ್ಷವನ್ನೂ ಕಳೆದರೆ 3 ಲಕ್ಷ ನಿವ್ವಳ. ಕರೆಂಟ್ ದರ ವರ್ಷಕ್ಕೆ ಶೇ. 5 ಏರುತ್ತದೆಂಬ ಊಹೆ ನಾನು ಸೇರಿಸುವುದಿಲ್ಲ. ಕೊಟೇಶನ್‌ನ ಹೊಳೆಯುವ ಗ್ರಾಫ್ ನಿಂತಿರುವುದೇ ಆ ಊಹೆಯ ಮೇಲೆ.

ಇದೆಲ್ಲ ನೆರಳಿಲ್ಲದ ತಾರಸಿಗೆ. ಡಿಸೆಂಬರ್ 21ರ ಸುಮಾರಿಗೆ ಪುಣೆಯ ಸೂರ್ಯ ನಡುಮಧ್ಯಾಹ್ನಕ್ಕೂ ದಿಗಂತದಿಂದ 48 ಡಿಗ್ರಿಯಷ್ಟೇ ಮೇಲೇರುತ್ತಾನೆ, ಬೆಳಿಗ್ಗೆ ಒಂಬತ್ತೂವರೆಯ ಸುಮಾರಿಗೆ 29 ಡಿಗ್ರಿ. 2 ಮೀಟರ್ ಎತ್ತರದ ನೀರಿನ ಟ್ಯಾಂಕಿನ ನೆರಳು ಆಗ ಮೂರೂವರೆ ಮೀಟರ್ ಚಾಚುತ್ತದೆ. ಪ್ಯಾನೆಲ್‌ಗಳು ಸಾಲಾಗಿ ಜೋಡಿಸಿರುವುದರಿಂದ ಒಂದರ ಮೂಲೆಗೆ ಬಿದ್ದ ನೆರಳು ಇಡೀ ಸಾಲಿನ ಉತ್ಪಾದನೆಯನ್ನು ಎಳೆಯುತ್ತದೆ. ಮೂರು ಕಿಲೋವ್ಯಾಟ್‌ಗೆ 300 ಚದರ ಅಡಿ ಸಿಗದಿದ್ದರೆ ಎರಡಕ್ಕೇ ನಿಲ್ಲಿಸಿ, ಟ್ಯಾಂಕಿನ ಪಕ್ಕ ತುರುಕಬೇಡಿ.

ಸಹಿ ಹಾಕುವ ಮುನ್ನ ಕೊಟೇಶನ್‌ನಲ್ಲಿ ಪ್ಯಾನೆಲ್ 'ಡಿಸಿಆರ್' ಎಂದಿದೆಯೇ ನೋಡಿ. ಭಾರತದಲ್ಲೇ ತಯಾರಾದ ಸೆಲ್, ಪ್ಯಾನೆಲ್ ಇದ್ದರೆ ಮಾತ್ರ ಸಬ್ಸಿಡಿ. ಅಗ್ಗದ ಬೇರೆ ಪ್ಯಾನೆಲ್‌ನ ಬೆಲೆ ಬರೆದು ಅದರಿಂದಲೇ 78,000 ಕಳೆದು ತೋರಿಸುವವರಿದ್ದಾರೆ. ಸಬ್ಸಿಡಿ ಬ್ಯಾಂಕ್ ಖಾತೆಗೆ ಬೀಳುವುದು ವ್ಯವಸ್ಥೆ ಚಾಲೂ ಆದ ಮೇಲೆ. ಅಲ್ಲಿಯವರೆಗೆ ಪೂರ್ತಿ 2 ಲಕ್ಷದ ಹೊರೆ ನಿಮ್ಮದೇ, ಸಾಲ ತೆಗೆದಿದ್ದರೆ ಆ ತಿಂಗಳುಗಳ ಬಡ್ಡಿಯೂ ಹಾಳೆಯಲ್ಲಿ ಒಂದು ಸಾಲು.