1/72 ಸ್ಪಿಟ್‌ಫೈರ್: ಮೊದಲ ಅಂಟಿನಿಂದ ಕೊನೆಯ ತಂತಿಯವರೆಗೆ

ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ ಸ್ಪಿಟ್‌ಫೈರ್ ಮಾರ್ಕ್ 1ರ ರೆಕ್ಕೆಯಗಲ 11.23 ಮೀಟರ್. ನಾವು ಕಟ್ಟಲಿರುವ 1/72 ಅಳತೆಯ ಪ್ಲಾಸ್ಟಿಕ್ ಮಾಡೆಲ್‌ಗೆ ಅದನ್ನು 72ರಿಂದ ಭಾಗಿಸಿದರೆ 156 ಮಿ.ಮೀ. ಶೋಕೇಸಿನ ಒಂದು ಮೂಲೆ ಸಾಕು. ಬ್ರಿಟನ್ನಿನ ಏರ್‌ಫಿಕ್ಸ್ ಈ ವಿಮಾನದ ಕಿಟ್ ಅನ್ನು 1953ರಷ್ಟು ಹಿಂದೆಯೇ ಮಾರುಕಟ್ಟೆಗೆ ತಂದಿತ್ತು. ಈಗ ಸಿಗುವ ಅವರ ಹೊಸ ಅಚ್ಚಿನ ಕಿಟ್ ಕಲಿಯುವವರಿಗೆ ಚೆನ್ನಾಗಿದೆ, ಜಪಾನಿನ ಟಮಿಯಾದ್ದೂ ಆಗುತ್ತದೆ. ಮೊದಲ ಕಿಟ್ ಆಗಿ ತೇಜಸ್ ಅಥವಾ ಮಿಗ್-21 ಕಟ್ಟುವ ಆಸೆ ನಮ್ಮವರಿಗೆ ಸಹಜ. ಆದರೆ ಆ ಜೆಟ್‌ಗಳಿಗೆ ಮೂತಿಯ ಕೆಳಗೆ ಚಕ್ರ. ಮೂತಿಯೊಳಗೆ ಸೀಸದ ಗುಂಡು ತುಂಬದಿದ್ದರೆ ಮಾಡೆಲ್ ಬಾಲದ ಮೇಲೆ ಕೂತುಬಿಡಬಹುದು. ಸ್ಪಿಟ್‌ಫೈರ್‌ಗೆ ಬಾಲದಡಿ ಚಕ್ರ, ಹಾಗಾಗಿ ಆ ತಲೆನೋವಿಲ್ಲ.

ಉಪಕರಣ ಹೆಚ್ಚೇನೂ ಬೇಡ. ಒಂದು ಬದಿ ಚಪ್ಪಟೆಯಾಗಿರುವ ನಿಪ್ಪರ್, 11ನೇ ನಂಬರಿನ ಬ್ಲೇಡಿನ ಚಾಕು, ಚೂಪು ಚಿಮಟ, 6 ಮತ್ತು 10 ಮಿ.ಮೀ. ಮಾಸ್ಕಿಂಗ್ ಟೇಪ್. ಜೊತೆಗೆ ಗಾಡಿಗೆ ಪೇಂಟ್ ಹೊಡೆಯುವವರು ಬಳಸುವ ವಾಟರ್ ಪೇಪರ್: 400, 800, 1500 ಒಂದೊಂದು ಹಾಳೆ. ಅದನ್ನು ಐಸ್‌ಕ್ರೀಮ್ ಕಡ್ಡಿಗೆ ಅಂಟಿಸಿಕೊಂಡರೆ ದುಬಾರಿ ಸ್ಯಾಂಡಿಂಗ್ ಸ್ಟಿಕ್ ಬೇಕಿಲ್ಲ.

ಕೆಲಸ ಶುರುವಾಗುವುದು ತೊಳೆಯುವುದರಿಂದ. ಅಚ್ಚಿನಿಂದ ಬಿಡಿಸಲು ಕಾರ್ಖಾನೆಯಲ್ಲಿ ಹಾಕಿದ ಜಿಡ್ಡು ಪ್ಲಾಸ್ಟಿಕ್ಕಿನ ಮೇಲೆ ಉಳಿದಿದ್ದರೆ ಆ ಜಾಗದಲ್ಲಿ ಬಣ್ಣ ಹಿಡಿಯುವುದಿಲ್ಲ. ಉಗುರುಬೆಚ್ಚಗಿನ ನೀರು, ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್, ಹಳೆಯ ಟೂತ್‌ಬ್ರಷ್ ಸಾಕು. ಬಿಡಿಭಾಗಗಳು ಅಂಟಿಕೊಂಡು ಬರುವ ಫ್ರೇಮಿನಿಂದ ಭಾಗ ಕತ್ತರಿಸುವಾಗ ಎರಡು ಏಟು ಹಾಕಿ: ಮೊದಲು ಭಾಗದಿಂದ 2 ಮಿ.ಮೀ. ದೂರದಲ್ಲಿ, ಆಮೇಲೆ ಅಂಚಿಗೆ ಹತ್ತಿರ. ಒಂದೇ ಏಟಿಗೆ ಅಂಚಿನಲ್ಲೇ ಕತ್ತರಿಸಿದರೆ ಒತ್ತಡಕ್ಕೆ ಪ್ಲಾಸ್ಟಿಕ್ ಬಿಳಿಚಿಕೊಂಡು ಚೂರು ಕಿತ್ತು ಬರುತ್ತದೆ.

ಅಂಟು: ಗೆದ್ದರೂ ಸೋತರೂ ಇಲ್ಲೇ

ಪ್ಲಾಸ್ಟಿಕ್ ಸಿಮೆಂಟ್ ನಿಜಕ್ಕೂ ಅಂಟಲ್ಲ. ಅದರಲ್ಲಿರುವ ದ್ರಾವಕ ಕಿಟ್ಟಿನ ಪ್ಲಾಸ್ಟಿಕ್ಕಾದ ಪಾಲಿಸ್ಟೈರೀನನ್ನು ಕರಗಿಸಿ ಎರಡು ಭಾಗಗಳನ್ನು ಬೆಸೆಯುತ್ತದೆ. ಬಣ್ಣ ಬಳಿದ ಮೈಮೇಲೆ ಅದು ಹಿಡಿಯದಿರುವುದು ಇದೇ ಕಾರಣಕ್ಕೆ. ಕಾಕ್‌ಪಿಟ್ ಒಳಗೆ ಬಣ್ಣ ಹಚ್ಚಿದ ಮೇಲೆ ಜೋಡಣೆಯ ಅಂಚುಗಳನ್ನು ಚಾಕುವಿನಿಂದ ಹೆರೆದು ಬರಿ ಪ್ಲಾಸ್ಟಿಕ್ ಕಾಣುವಂತೆ ಮಾಡಬೇಕು.

ಒಡಲಿನ ಎರಡು ಹೋಳುಗಳನ್ನು ಅಂಟು ಹಚ್ಚದೆಯೇ ಜೋಡಿಸಿ ಹಿಡಿದುಕೊಳ್ಳಿ. ಟಮಿಯಾ ಎಕ್ಸ್‌ಟ್ರಾ ಥಿನ್‌ನಂಥ ತೆಳು ಸಿಮೆಂಟಿನ ಬ್ರಷ್ಷನ್ನು ಬಿರುಕಿಗೆ ತಾಗಿಸಿದರೆ ದ್ರವ ತಾನಾಗಿಯೇ ಒಂದೆರಡು ಸೆಂ.ಮೀ. ಓಡುತ್ತದೆ. ಐದಾರು ಸೆಕೆಂಡು ಬಿಟ್ಟು ಮೆಲ್ಲಗೆ ಒತ್ತಿ. ಗೆರೆಯುದ್ದಕ್ಕೂ ಕರಗಿದ ಪ್ಲಾಸ್ಟಿಕ್ ಸಣ್ಣ ದಿಂಡಿನಂತೆ ಉಬ್ಬಿ ಬರಬೇಕು. ಬಂದರೆ ಅಲ್ಲಿಗೆ ಪುಟ್ಟಿಯೇ ಬೇಡ. ಒಂದು ಎಚ್ಚರ: ನಿಮ್ಮ ಬೆರಳು ಗೆರೆಯ ಮೇಲಿದ್ದರೆ ದ್ರವ ಬೆರಳಡಿಗೂ ಓಡುತ್ತದೆ, ಹೆಬ್ಬೆಟ್ಟಿನ ಗುರುತು ವಿಮಾನದ ಪಕ್ಕೆಯಲ್ಲಿ ಅಚ್ಚಾಗುತ್ತದೆ. ಹಿಡಿಯುವ ಜಾಗ, ಅಂಟಿಸುವ ಜಾಗ ಬೇರೆಬೇರೆ ಇರಲಿ.

ಉಬ್ಬಿದ ದಿಂಡನ್ನು ಕನಿಷ್ಠ 24 ಗಂಟೆ ಮುಟ್ಟಬೇಡಿ, ಎರಡು ದಿನ ಬಿಟ್ಟರೆ ಇನ್ನೂ ಒಳ್ಳೆಯದು. ಮೇಲ್ಮೈ ಒಂದು ಗಂಟೆಯಲ್ಲಿ ಗಟ್ಟಿ ಅನ್ನಿಸಿದರೂ ಒಳಗೆ ದ್ರಾವಕ ಉಳಿದಿರುತ್ತದೆ. ಆಗಲೇ ಉಜ್ಜಿ ಸಮ ಮಾಡಿದರೆ ಮುಂದೆ ಅದು ಆರುತ್ತಾ ಕುಗ್ಗಿ, ಬಣ್ಣದ ಕೆಳಗೆ ಸಣ್ಣ ತೋಡಿನಂಥ ಗೆರೆ ಮೂಡುತ್ತದೆ. ಇದಕ್ಕೆ ಬೈಸಿಕೊಳ್ಳುವುದು ಬಣ್ಣ ಅಥವಾ ಕಿಟ್. ತಪ್ಪು ಮಾತ್ರ ಅವಸರದ್ದು. ಪೂರ್ತಿ ಆರಿದ ಮೇಲೆ 400ರ ವಾಟರ್ ಪೇಪರನ್ನು ನೀರಿನಲ್ಲಿ ಅದ್ದಿ ಉಜ್ಜಿ, ಆಮೇಲೆ 800, ಕೊನೆಗೆ 1500.

ಈ ವಿಮಾನದಲ್ಲಿ ಕಾಡುವುದು ರೆಕ್ಕೆಯ ಬುಡ. ಸ್ಪಿಟ್‌ಫೈರ್‌ನ ರೆಕ್ಕೆಗಳು 6 ಡಿಗ್ರಿ ಮೇಲ್ಮುಖವಾಗಿರುತ್ತವೆ. ರೆಕ್ಕೆ ಒಂಚೂರು ಕೆಳಗೆ ಜಗ್ಗಿದರೂ ಒಡಲಿನ ಪಕ್ಕ ಮೇಲ್ಗಡೆ ಬಿರುಕು ತೆರೆಯುತ್ತದೆ. ಅಲ್ಲಿ ಪುಟ್ಟಿ ತುಂಬಲು ಹೋಗಬೇಡಿ. ಒಂದು ರೆಕ್ಕೆತುದಿಯಿಂದ ಇನ್ನೊಂದು ತುದಿಗೆ ಒಡಲಿನ ಮೇಲಿಂದ ಟೇಪ್ ಎಳೆದು ಬಿಗಿಯಿರಿ: ರೆಕ್ಕೆ ಮೇಲಕ್ಕೆ ಬರುತ್ತದೆ, ಬಿರುಕು ಮುಚ್ಚುತ್ತದೆ. ಆಗ ತೆಳು ಸಿಮೆಂಟ್ ಓಡಿಸಿ. ಎರಡೂ ತುದಿಗಳು ಮೇಜಿನಿಂದ ಒಂದೇ ಎತ್ತರದಲ್ಲಿವೆಯೇ ಎಂದು ಸ್ಕೇಲ್ ಇಟ್ಟು ನೋಡಿ, ರಾತ್ರಿಯಿಡೀ ಹಾಗೇ ಬಿಡಿ.

ಕಾಕ್‌ಪಿಟ್ಟಿಗೆ ಬೂದು ಹಸಿರು, ಹಂಬ್ರಾಲ್ ಕಂಪನಿಯ 78ನೇ ನಂಬರಿನ ಬಣ್ಣ. ಮುಚ್ಚಳ ಮುಚ್ಚಿದ ಮೇಲೆ ಈ ಅಳತೆಯಲ್ಲಿ ಕಣ್ಣಿಗೆ ಬೀಳುವುದು ಸೀಟು ಮತ್ತು ಬೆಲ್ಟ್ ಅಷ್ಟೇ. ಉಳಿದದ್ದಕ್ಕೆ ವಾರ ಕಳೆಯುವುದು ವ್ಯರ್ಥ.

ಬಣ್ಣ

ಮೊದಲು ಬೂದು ಪ್ರೈಮರ್. ಅದು ಹಿಡಿತಕ್ಕಿಂತ ಹೆಚ್ಚಾಗಿ ತಪಾಸಣೆಗೆ. ಉಳಿದ ಗೀರು, ಗೆರೆ ಎಲ್ಲ ಒಂದೇ ಬಣ್ಣದಡಿ ಎದ್ದು ಕಾಣುತ್ತವೆ. ಆ ಜಾಗ ಮತ್ತೆ ಉಜ್ಜಿ, ಮತ್ತೆ ಪ್ರೈಮರ್ ಹೊಡೆಯಿರಿ.

ಬಣ್ಣ ಯಾವುದೆಂದು ನಿಮ್ಮ ಡೆಕಾಲ್‌ನ, ಅಂದರೆ ಕಿಟ್ಟಿನಲ್ಲಿ ಬರುವ ಗುರುತಿನ ಅಂಟುಚಿತ್ರಗಳ, ಕಾಲ ಹೇಳುತ್ತದೆ. 1940ರ ಜೂನ್‌ನಿಂದ ಕೆಳಮೈಗೆ ಸ್ಕೈ ಎಂಬ ತಿಳಿ ಹಸಿರು ಬಂತು. ಅದಕ್ಕೆ ಮುಂಚೆ ಎಡರೆಕ್ಕೆಯಡಿ ಕಪ್ಪು, ಬಲರೆಕ್ಕೆಯಡಿ ಬಿಳಿ. ಮೇಲ್ಮೈಗೆ ಡಾರ್ಕ್ ಅರ್ಥ್ ಎಂಬ ಕಂದು ಮತ್ತು ಡಾರ್ಕ್ ಗ್ರೀನ್ ಪಟ್ಟೆಗಳು. ಟಮಿಯಾ ಅಕ್ರಿಲಿಕ್‌ನಲ್ಲಿ ಎಕ್ಸ್‌ಎಫ್-21, ಎಕ್ಸ್‌ಎಫ್-52, ಎಕ್ಸ್‌ಎಫ್-81 ಹತ್ತಿರದವು. ಹೊಡೆಯುವುದೂ ಅದೇ ಸಾಲಿನಲ್ಲಿ: ಸ್ಕೈ, ಕಂದು, ಕೊನೆಗೆ ಹಸಿರು.

ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ 0.3 ಮಿ.ಮೀ. ನಾಜಲ್ ಏರ್‌ಬ್ರಷ್‌ಗೆ ಒಂದು ಪಾಲು ಬಣ್ಣ, ಒಂದರಿಂದ ಒಂದೂವರೆ ಪಾಲು ಥಿನ್ನರ್. ಹದ ಹಾಲಿನಂತಿರಬೇಕು. ಒತ್ತಡ 15ರಿಂದ 20 ಪಿಎಸ್‌ಐ, ದೂರ 5ರಿಂದ 10 ಸೆಂ.ಮೀ. ಮೈ ಮರಳು ಮರಳಾದರೆ ಬಣ್ಣ ಗಾಳಿಯಲ್ಲೇ ಒಣಗುತ್ತಿದೆ ಎಂದರ್ಥ: ಹತ್ತಿರ ಹೋಗಿ, ಥಿನ್ನರ್ ಹೆಚ್ಚಿಸಿ. ಜೇಡರಹುಳದ ಕಾಲಿನಂತೆ ಚದುರಿದರೆ ಬಣ್ಣ ತೀರಾ ತೆಳ್ಳಗಾಗಿದೆ ಅಥವಾ ನೀವು ತೀರಾ ಹತ್ತಿರದಲ್ಲಿದ್ದೀರಿ. ಕಲಬುರಗಿಯ ಬೇಸಿಗೆಯಲ್ಲಿ ಬಣ್ಣ ಸೂಜಿತುದಿಯಲ್ಲೇ ಗಟ್ಟಿಯಾಗುತ್ತದೆ, ಥಿನ್ನರ್‌ಗೆ ಒಣಗುವುದನ್ನು ನಿಧಾನಿಸುವ ರಿಟಾರ್ಡರ್ ಕೆಲವು ಹನಿ ಸೇರಿಸಿ. ಮಂಗಳೂರಿನ ಮಳೆಗಾಲದಲ್ಲಿ ಕಾಟ ತಿರುಗುಮುರುಗು: ಲ್ಯಾಕರ್ ಆವಿಯಾಗುವಾಗ ಮೈ ತಣ್ಣಗಾಗಿ, ಗಾಳಿಯ ತೇವ ಅದರ ಮೇಲೆ ಕೂತು ಬಿಳಿ ಮಬ್ಬು ಕವಿಯುತ್ತದೆ. ಮಳೆ ಬಿಡುವವರೆಗೆ ಲ್ಯಾಕರ್ ಮುಟ್ಟದಿರುವುದೇ ಮೇಲು. ಎಲ್ಲೇ ಆಗಲಿ ಕಿಟಕಿ ತೆರೆದಿರಲಿ, ಮುಖಕ್ಕೆ ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ ಇರುವ ಮಾಸ್ಕ್ ಇರಲಿ. ಎನ್-95 ಧೂಳು ತಡೆಯುತ್ತದೆ, ಥಿನ್ನರ್ ಆವಿಯನ್ನಲ್ಲ.

ಬ್ರಷ್ಷಿನಲ್ಲೇ ಮಾಡುವವರು ಟಮಿಯಾ ಬಿಟ್ಟು ವ್ಯಾಲೆಹೊದಂಥ ನೀರು ಬೆರೆಸುವ ಅಕ್ರಿಲಿಕ್ ಬಣ್ಣ ತೆಗೆದುಕೊಳ್ಳಿ. ಟಮಿಯಾದ ಎರಡನೇ ಕೋಟು ಮೊದಲನೆಯದನ್ನು ಎಬ್ಬಿಸಿಬಿಡುತ್ತದೆ. ಮೂರು ನಾಲ್ಕು ತೆಳು ಕೋಟು, ಪ್ರತಿ ಕೋಟು ಹಿಂದಿನದಕ್ಕೆ ಅಡ್ಡಡ್ಡ.

ಪಟ್ಟೆಗಳ ಅಂಚು ಮೃದುವಾಗಿರಬೇಕೋ ಚೂಪಾಗಿರಬೇಕೋ ಎಂಬ ಜಗಳ ಮುಗಿಯುವಂಥದ್ದಲ್ಲ. ಲೆಕ್ಕ ಹಾಕಿ: ನಿಜ ವಿಮಾನದಲ್ಲಿ 25 ಮಿ.ಮೀ. ಅಗಲಕ್ಕೆ ಬಣ್ಣ ಬೆರೆತಿದ್ದರೂ 1/72ರಲ್ಲಿ ಅದು 0.35 ಮಿ.ಮೀ. ಆದ್ದರಿಂದ ಟೇಪ್ ಮಾಸ್ಕೇ ಸಾಕು. ಸೂಚನಾ ಹಾಳೆಯ ಚಿತ್ರವನ್ನು ರೆಕ್ಕೆಯಗಲ 156 ಮಿ.ಮೀ. ಬರುವಂತೆ ಹಿಗ್ಗಿಸಿ ಜೆರಾಕ್ಸ್ ಮಾಡಿಸಿದರೆ ಪಟ್ಟೆಗಳ ಅಚ್ಚು ಕೈಗೆ ಸಿಕ್ಕಂತೆ. ಟೇಪಿನ ಅಂಚಿನ ಮೇಲೆ ಮೊದಲು ಕೆಳಗಿನ ಬಣ್ಣವನ್ನೇ, ಅಂದರೆ ಕಂದನ್ನೇ, ತೆಳ್ಳಗೆ ಹೊಡೆಯಿರಿ. ಸೋರುವುದಿದ್ದರೆ ಕಂದೇ ಸೋರುತ್ತದೆ, ಯಾರಿಗೂ ಕಾಣದು. ಆಮೇಲೆ ಹಸಿರು.

ಡೆಕಾಲ್

ಹೊಳಪಿಲ್ಲದ ಮ್ಯಾಟ್ ಬಣ್ಣದ ಒರಟಿನ ಮೇಲೆ ಡೆಕಾಲ್ ಕೂರಿಸಿದರೆ ಅಡಿಯಲ್ಲಿ ಗಾಳಿ ಸಿಕ್ಕಿ ಬೆಳ್ಳಗೆ ಹೊಳೆಯುತ್ತದೆ. ಮೊದಲು ಹೊಳಪಿನ ವಾರ್ನಿಷ್, ಒಂದು ದಿನ ಆರಲು ಬಿಡಿ. ಡೆಕಾಲನ್ನು ನೀರಿನಲ್ಲಿ 15 ಸೆಕೆಂಡು ಅದ್ದಿ ಹೊರಗಿಟ್ಟು, ಒಂದು ನಿಮಿಷದ ಮೇಲೆ ಕಾಗದದಿಂದ ಜಾರಿಸಿ. ನೀರಲ್ಲೇ ಬಿಟ್ಟರೆ ಅಂಟು ತೊಳೆದುಹೋಗುತ್ತದೆ. ಅಡಿಗೆ ಡೆಕಾಲ್ ಕೂರಿಸುವ ದ್ರವ ಮೈಕ್ರೋ ಸೆಟ್, ಕೂತ ಮೇಲೆ ಅದನ್ನು ಮೆತ್ತಗಾಗಿಸುವ ಮೈಕ್ರೋ ಸಾಲ್. ಸಾಲ್ ಹಚ್ಚಿದ ತಕ್ಷಣ ಡೆಕಾಲ್ ಸುಕ್ಕುಸುಕ್ಕಾಗಿ ಹೆದರಿಸುತ್ತದೆ. ಆಗ ಮುಟ್ಟಿದವರು ಕೆಟ್ಟರು. ಒಣಗುತ್ತಾ ಅದು ತಾನೇ ಗೆರೆಗಳೊಳಗೆ ಇಳಿಯುತ್ತದೆ.

ಮತ್ತೊಂದು ಕೋಟು ಹೊಳಪಿನ ವಾರ್ನಿಷ್, ಆಮೇಲೆ ಕಡುಕಂದು ಆಯಿಲ್ ಪೇಂಟನ್ನು ವೈಟ್ ಸ್ಪಿರಿಟ್‌ನಲ್ಲಿ ತೆಳ್ಳಗೆ ಮಾಡಿ ತಗಡುಗಳ ಜೋಡಣೆ ತೋರಿಸುವ ಪ್ಯಾನೆಲ್ ಗೆರೆಗಳಿಗೆ ಮುಟ್ಟಿಸಿ, ಅರ್ಧ ಗಂಟೆ ಬಿಟ್ಟು ಗಾಳಿ ಹರಿಯುವ ದಿಕ್ಕಿಗೆ ಒರೆಸಿ. ಕರ್ರಗಿನ ಕಪ್ಪು ಬೇಡ, ವಿಮಾನ ಹೆಂಚಿನ ಮಾಡಿನಂತೆ ಚೌಕಚೌಕವಾಗಿ ಕಾಣುತ್ತದೆ. ಕೊನೆಗೆ ಮ್ಯಾಟ್ ವಾರ್ನಿಷ್.

ಕಾಕ್‌ಪಿಟ್ಟಿನ ಪಾರದರ್ಶಕ ಮುಚ್ಚಳ ಕ್ಯಾನೊಪಿಗೆ ಸೂಪರ್ ಗ್ಲೂ ಬೇಡವೇ ಬೇಡ, ಅದರ ಆವಿಗೆ ಗಾಜು ಮಂಜಾಗುತ್ತದೆ. ಫೆವಿಕಾಲ್ ಸಾಕು. ಹೆಚ್ಚಾದದ್ದನ್ನು ಒದ್ದೆ ಬ್ರಷ್ಷಿನಿಂದ ಒರೆಸಬಹುದು, ಒಣಗಿದ ಮೇಲೆ ಬಣ್ಣವಿಲ್ಲದೆ ಕಾಣುತ್ತದೆ.

ಉಳಿಯುವುದು ಕ್ಯಾನೊಪಿಯ ಹಿಂದಿನ ಕಂಬದಿಂದ ಬಾಲಕ್ಕೆ ಹೋಗುವ ರೇಡಿಯೋ ತಂತಿ. ಖಾಲಿ ಫ್ರೇಮಿನ ಒಂದು ಕಡ್ಡಿಯನ್ನು ಮೇಣದಬತ್ತಿಯ ಜ್ವಾಲೆಯ ಮೇಲೆ, ಅದರೊಳಗಲ್ಲ, ತಿರುಗಿಸುತ್ತಾ ಕಾಯಿಸಿ. ಮೆತ್ತಗಾಗಿ ಬಾಗಿದ ಕೂಡಲೇ ಜ್ವಾಲೆಯಿಂದ ಆಚೆ ತಂದು ಎಳೆಯಿರಿ. ಬೇಗ ಎಳೆದಷ್ಟೂ ಎಳೆ ತೆಳು. ಬೇಕಾದಷ್ಟು ಕತ್ತರಿಸಿ, ಎರಡು ತುದಿಗೂ ಸೂಜಿಮೊನೆಯಷ್ಟು ಫೆವಿಕಾಲ್ ಇಟ್ಟು ಕೂರಿಸಿ. ಜೋತುಬಿದ್ದಿದ್ದರೆ ಅಂಟು ಪೂರ್ತಿ ಒಣಗಿದ ಮೇಲೆ ಹೊತ್ತಿಸಿದ ಊದುಬತ್ತಿಯ ಕೆಂಡವನ್ನು ಎಳೆಯಿಂದ ಒಂದು ಸೆಂ.ಮೀ. ಕೆಳಗೆ ಹಿಡಿದು ಉದ್ದಕ್ಕೂ ಒಮ್ಮೆ ಸರಿಸಿ. ಶಾಖಕ್ಕೆ ಎಳೆ ಕುಗ್ಗಿ ಬಿಗಿಯುತ್ತದೆ. ಒಂದೇ ಕಡೆ ನಿಲ್ಲಿಸಿದಿರೋ, ಕರಗಿ ತುಂಡಾಗುತ್ತದೆ, ಇನ್ನೊಂದು ಎಳೆ ಎಳೆಯಬೇಕು.